ಒಂದು ಹಾಯಿದೋಣಿಯ ಜೀರ್ಣೋದ್ಧಾರ: ‘ಸ್ಪ್ರೇ’ ನೌಕೆಯನ್ನು ಕುರಿತ ವಿಚಾರ

ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗನೆಂದು ಜೋಶುವ ಸ್ಲೋಕಮನ ಹೆಸರು ನೌಕಾಯಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1895ರ ಏಪ್ರಿಲ್ 24ರಂದು ಅಮೆರಿಕದ ಬಾಸ್ಟನ್ ಬಂದರನ್ನು ಬಿಟ್ಟ ಈತನು 46,000 ಮೈಲಿಗಳಿಗೂ ಮಿಗಿಲಾದ ದೂರವನ್ನು ಕ್ರಮಿಸಿ, 1898ರ ಜೂನ್ 27ರಂದು ನ್ಯೂಪೋರ್ಟನ್ನು ಸೇರಿದನು. ಈ ಯಾನದ ಸಾಹಸವನ್ನು ಕೊಂಡಾಡಿದವರು ಅನೇಕರು. ಆದರೆ ಅದಕ್ಕೆ ಮುನ್ನ 13 ತಿಂಗಳ ಕಾಲ ನೆಲದ ಮೇಲೆ ನಡೆದ ದುರಸ್ತಿಯ ಕೆಲಸವು ಇತಿಹಾಸದ ವಿದ್ಯಾರ್ಥಿಗೆ ಯಾನಕ್ಕಿಂತಲೂ ಹೆಚ್ಚಿನ ವಿಷಯಗಳನ್ನು ತಿಳಿಸುತ್ತದೆ. ಅಳಿಯುತ್ತಿದ್ದ ಒಂದು ಯುಗದ ಕೌಶಲವೆಲ್ಲ ಆ ಕೆಲಸದಲ್ಲಿ ಒಂದೆಡೆ ಕೂಡಿತ್ತೆಂಬುದೇ ಈ ಲೇಖನದ ಪ್ರತಿಪಾದನೆ.

1844ರಲ್ಲಿ ನೋವಾ ಸ್ಕೋಷಿಯದಲ್ಲಿ ಹುಟ್ಟಿದ ಸ್ಲೋಕಮನು ದೊಡ್ಡ ಹಾಯಿಹಡಗುಗಳ ನಾಯಕನಾಗಿ ಹೆಸರು ಗಳಿಸಿದ್ದವನು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ದೂರದ ವ್ಯಾಪಾರವು ಕ್ರಮೇಣ ಉಗಿಹಡಗುಗಳ ಪಾಲಾಗತೊಡಗಿತು. 1887ರ ಕೊನೆಯಲ್ಲಿ ಬ್ರೆಜಿಲ್ ತೀರದಲ್ಲಿ ತನ್ನ ‘ಅಕ್ವಿಡ್ನೆಕ್’ ನೌಕೆಯನ್ನು ಕಳೆದುಕೊಂಡ ಬಳಿಕ ಅವನಿಗೆ ತಕ್ಕ ಉದ್ಯೋಗ ದೊರೆಯಲಿಲ್ಲ. ಹಡಗುಕಟ್ಟೆಯಲ್ಲಿ ಕೂಲಿಗೆ ಸೇರೋಣವೆಂದರೆ ಸಂಘವೊಂದಕ್ಕೆ ಮೊದಲು 50 ಡಾಲರು ತೆರಬೇಕಾಗಿತ್ತು. ಹೀಗಿರುವಾಗ, 1892ರ ಚಳಿಗಾಲದಲ್ಲಿ, ತಿಮಿಂಗಿಲ ಬೇಟೆಯ ಹಡಗುಗಳ ಹಳೆಯ ನಾಯಕನಾದ ಎಬೆನ್ ಪಿಯರ್ಸನು ಮ್ಯಾಸಚೂಸೆಟ್ಸಿನ ಫೇರ್‌ಹೇವನ್‌ಗೆ ಬಂದರೆ ಹಡಗೊಂದನ್ನು ಕೊಡುವುದಾಗಿಯೂ, ಅದಕ್ಕೆ ಕೊಂಚ ರಿಪೇರಿ ಬೇಕೆಂದೂ ತಿಳಿಸಿದನು. ಸ್ಲೋಕಮನು ಹೋಗಿ ನೋಡಿದಾಗ ಕಂಡದ್ದು, ಸಮುದ್ರದಿಂದ ದೂರದಲ್ಲಿ, ಹೊಲದ ನಡುವೆ ಕ್ಯಾನ್ವಾಸು ಹೊದ್ದು 7 ವರ್ಷಗಳಿಂದ ನಿಂತಿದ್ದ ‘ಸ್ಪ್ರೇ’ ಎಂಬ ಹಳೆಯ ದೋಣಿ.

ಕೆಲಸದ ಕ್ರಮವನ್ನು ಅವನು 1900ರಲ್ಲಿ ಪ್ರಕಟವಾದ ತನ್ನ ಯಾನಗ್ರಂಥದಲ್ಲಿ ವಿವರಿಸಿದ್ದಾನೆ. ಸಮೀಪದಲ್ಲಿದ್ದ ಓಕ್ ಮರವೊಂದನ್ನು ಕಡಿದು ದೋಣಿಯ ಅಡಿಮರವನ್ನು ಮಾಡಿದನು. ಪಕ್ಕೆಲುಬುಗಳಿಗೆ ನೇರವಾದ ಎಳೆಮರಗಳನ್ನು ಆರಿಸಿ, ಹಬೆಯಲ್ಲಿ ಬೇಯಿಸಿ ಮೆದುಮಾಡಿ, ದಿಮ್ಮಿಯ ಮೇಲೆ ಬಾಗಿಸಿ, ಆಕಾರ ನಿಲ್ಲುವವರೆಗೆ ಬಿಗಿದಿಟ್ಟನು. ಹೊರಮೈಗೆ ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳು. ಹಾಯಿಕಂಬಕ್ಕೆ ನ್ಯೂಹ್ಯಾಂಪ್‌ಷೈರಿನ ಸ್ಪ್ರೂಸ್ ಮರ. ಹಲಗೆಗಳ ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ಬಡಿದು ತುಂಬಿ, ತಳಕ್ಕೆ ತಾಮ್ರದ ಬಣ್ಣವನ್ನು ಎರಡು ಸಲ ಬಳಿದನು. ಸಿದ್ಧವಾದ ನೌಕೆಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಕೆಲಸ ನಡೆಯುವಾಗ ತಿಮಿಂಗಿಲ ಬೇಟೆಯ ಮುದಿ ನಾಯಕರು ಬಂದು ನೋಡಿ ಅಭಿಪ್ರಾಯ ಹೇಳುತ್ತಿದ್ದರು. ನೆಲದೆಣ್ಣೆಯ ಬಳಕೆ ಹೆಚ್ಚಿ ತಿಮಿಂಗಿಲದೆಣ್ಣೆಗೆ ಬೇಡಿಕೆ ಕುಗ್ಗಿದುದರಿಂದ ಆ ಬೇಟೆಯೂ ಇಳಿಮುಖವಾಗಿತ್ತು. ಹೀಗೆ ಕಟ್ಟುವವನೂ ನೋಡುವವರೂ ಒಂದೇ ಅಳಿವಿನಂಚಿನ ಲೋಕಕ್ಕೆ ಸೇರಿದವರಾಗಿದ್ದರು.

ಸಾಮಗ್ರಿಗಳಿಗೆ ತಗುಲಿದ ವೆಚ್ಚ 553.62 ಡಾಲರು. ಈ ಅಂಕಿಯನ್ನು ಮಿತವ್ಯಯಕ್ಕೆ ನಿದರ್ಶನವಾಗಿ ಉದಾಹರಿಸುವ ವಾಡಿಕೆಯುಂಟು. ಆದರೆ ಇದರಲ್ಲಿ ಅವನ ಸ್ವಂತ ದುಡಿಮೆಗೆ ಬೆಲೆ ಕಟ್ಟಿಲ್ಲವೆಂಬುದನ್ನು ಮರೆಯಲಾಗದು. ಅಷ್ಟು ನುರಿತ ನಾವಿಕನೊಬ್ಬನು 13 ತಿಂಗಳು ಕೊಡಲಿ ಬಾಚಿಗಳನ್ನು ಹಿಡಿಯಲು ಸಾಧ್ಯವಾದುದು, ಪೇಟೆಯಲ್ಲಿ ಅವನ ವಿದ್ಯೆಗೆ ಗಿರಾಕಿ ಇಲ್ಲದೆ ಹೋದುದರಿಂದಲೇ. ದೋಣಿ ಅಗ್ಗವಾದುದಕ್ಕೆ ಕಾರಣ ಆ ಕಾಲದಲ್ಲಿ ನೌಕಾಕೌಶಲವೇ ಅಗ್ಗವಾಗಿದ್ದುದು.

ಇಷ್ಟೆಲ್ಲ ಹೊಸದಾದ ಮೇಲೆ ಅದು ಹಳೆಯ ‘ಸ್ಪ್ರೇ’ ಹೇಗಾದೀತು? ಮರವೆಲ್ಲ ಬದಲಾದರೂ ದುರಸ್ತಿಯು ಹಂತಹಂತವಾಗಿ ನಡೆದಿದ್ದರೆ ಹಡಗು ಅದೇ ಹಡಗೆಂದು ಎಣಿಸುವ ಲಾಯ್ಡ್ಸ್ ಸಂಸ್ಥೆಯ ನಿಯಮವನ್ನು ಸ್ಲೋಕಮನು ಆಧಾರವಾಗಿ ಕೊಡುತ್ತಾನೆ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ದತ್ತಿ ಬಿಟ್ಟ ಉಲ್ಲೇಖಗಳನ್ನು ಓದಿದವರಿಗೆ ಈ ಭಾವನೆ ಅಪರಿಚಿತವಲ್ಲ. ಕಲ್ಲು ಬದಲಾದರೂ ದೇಗುಲ ಅದೇ. ಉಳಿಯುವುದು ಹೆಸರು, ರೂಪ ಮತ್ತು ಉಪಯೋಗ.

ಜೀರ್ಣೋದ್ಧಾರವು ಫೇರ್‌ಹೇವನ್‌ನಲ್ಲಿಯೇ ಮುಗಿಯಲಿಲ್ಲ. ದಕ್ಷಿಣ ಸಮುದ್ರದ ಬಿರುಗಾಳಿಗಳನ್ನು ನಿರೀಕ್ಷಿಸಿ, ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನು 7 ಅಡಿಗಳಷ್ಟು ಮೊಟಕು ಮಾಡಿದನು. 1896ರಲ್ಲಿ ಮೆಗೆಲನ್ ಜಲಸಂಧಿಯಲ್ಲಿದ್ದಾಗ ಹಿಂಭಾಗಕ್ಕೆ ಮತ್ತೊಂದು ಚಿಕ್ಕ ಹಾಯಿಯನ್ನು ಸೇರಿಸಿದನು. ಮುಂದೆ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳ 23 ದಿನಗಳ ಪ್ರಯಾಣದಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಒಟ್ಟಿನಲ್ಲಿ 3 ಗಂಟೆಗಳಿಗಿಂತ ಹೆಚ್ಚಿಲ್ಲ. ಚುಕ್ಕಾಣಿಯನ್ನು ಕಟ್ಟಿಟ್ಟರೆ ದೋಣಿಯು ತಾನಾಗಿಯೇ ದಿಕ್ಕು ತಪ್ಪದೆ ಸಾಗುತ್ತಿತ್ತು. ಹುಲ್ಲುಗಾವಲಿನ ಓಕ್ ಮರದಿಂದ ಮಾಡಿದ ಮುಂಗಂಬವು ಕೀಲಿಂಗ್‌ನಲ್ಲಿ ಹವಳದ ದಿಣ್ಣೆಯೊಂದನ್ನು ಸೀಳಿಯೂ ಗಾಯಗೊಳ್ಳಲಿಲ್ಲ.

ಈ ವಿವರಗಳಿಗೆಲ್ಲ ಮುಖ್ಯ ಆಧಾರವು ಯಶಸ್ಸು ಪಡೆದ ಬಳಿಕ ಆ ನಾವಿಕನೇ ಬರೆದ ಗ್ರಂಥವೆಂಬ ಎಚ್ಚರಿಕೆ ನಮಗಿರಬೇಕು. ನೌಕಾಶಿಲ್ಪಿಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಕೆಲವರು ‘ಸ್ಪ್ರೇ’ಯ ಸಮತೋಲವನ್ನು ಹೊಗಳಿದರೆ, ಇತರರು ಅದು ಒಂದು ಮಿತಿಯನ್ನು ಮೀರಿ ವಾಲಿದರೆ ಮತ್ತೆ ಮೇಲೇಳಲಾರದೆಂದು ಆಕ್ಷೇಪಿಸಿದ್ದಾರೆ. 20ನೆಯ ಶತಮಾನದ ಮೊದಲ ದಶಕದ ಕೊನೆಗೆ ಅದೇ ದೋಣಿಯಲ್ಲಿ ಒಬ್ಬನೇ ಹೊರಟ ಸ್ಲೋಕಮನು ಮರಳಲೇ ಇಲ್ಲ. ಆ ದುರಂತದ ಕಾರಣವು ಅವನೊಡನೆಯೇ ಮುಳುಗಿತು.

ದುರಸ್ತಿ ನಡೆಯುತ್ತಿದ್ದಾಗ ಫೇರ್‌ಹೇವನ್ನಿನ ಜನರು ಈ ಕೆಲಸ ಗಿಟ್ಟೀತೇ ಎಂದು ಪದೇಪದೇ ಕೇಳುತ್ತಿದ್ದರಂತೆ. ಗಿಟ್ಟುವಂತೆ ಮಾಡುತ್ತೇನೆಂಬುದು ಅವನ ಉತ್ತರವಾಗಿತ್ತು. ಲಾಭನಷ್ಟದ ಲೆಕ್ಕದಲ್ಲಿ ಊರವರ ಸಂಶಯ ಅಕಾರಣವಾದುದಲ್ಲ. ಉಗಿಯಂತ್ರದ ಯುಗವು ಹಾಯಿಯ ವಿದ್ಯೆಯನ್ನು ಬದಿಗೊತ್ತಿತೆಂಬುದು ನಿಜ. ಆದರೆ ಬದಿಗೊತ್ತಲ್ಪಟ್ಟ ವಿದ್ಯೆಯೆಲ್ಲ ಸತ್ತ ವಿದ್ಯೆಯಲ್ಲ. ಹೊಲದಲ್ಲಿ ಬಿದ್ದಿದ್ದ ದೋಣಿ ಲೋಕವನ್ನು ಸುತ್ತಿ ಬಂದುದು ಇದಕ್ಕೆ ಸಾಕ್ಷಿ. ಯುಗಗಳ ಉದಯಾಸ್ತಗಳನ್ನು ಬರೆಯುವ ನಾವು ಅಸ್ತಮಾನದ ಬಳಿಕವೂ ಕೈಗಳಲ್ಲಿ ಉಳಿಯುವ ತಿಳಿವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.