ಘಾಟೋ, ಸೋಂಕೋ: ಹಾವೇರಿ ಸೀಮೆಯ ಹದಿಹರೆಯದವರಲ್ಲಿ ಎಟಿಪಿಕಲ್ ನ್ಯುಮೋನಿಯಾ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುವ ತಿಂಗಳುಗಳಲ್ಲಿ ಕೆಮ್ಮಿಗೆ ಕಾರಣ ಹುಡುಕುವವರು ಕಡಿಮೆ. ‘ಘಾಟು’ ಎಂದರೆ ಮುಗಿಯಿತು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ಆದರೂ ಅದರ ಧೂಳು ಗಂಟಲು ಕೆರಳಿಸದೆ ಬಿಡದು. ಮೈಕೋಪ್ಲಾಸ್ಮಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ ತರುವ ಎಟಿಪಿಕಲ್ ನ್ಯುಮೋನಿಯಾ ಈ ಸಿದ್ಧ ಉತ್ತರದ ಹಿಂದೆ ಸುಲಭವಾಗಿ ಅಡಗಬಲ್ಲದು.

ಇವೆರಡನ್ನು ಬೇರ್ಪಡಿಸಲು ಮೊದಲು ವಿಚಾರಿಸಬೇಕಾದದ್ದು ಮನೆಯವರ ಕೆಮ್ಮನ್ನು. ಘಾಟಿಗೆ ಎಲ್ಲರೂ ಒಟ್ಟಿಗೇ ಕೆಮ್ಮುತ್ತಾರೆ, ಜ್ವರ ಬರುವುದಿಲ್ಲ. ಮೈಕೋಪ್ಲಾಸ್ಮಾ ತಗುಲಿ ಲಕ್ಷಣ ಕಾಣಿಸಲು ಎರಡು-ಮೂರು ವಾರ ಹಿಡಿಯುವುದರಿಂದ ಮನೆಯಲ್ಲಿ, ಹಾಸ್ಟೆಲಿನಲ್ಲಿ ಅದು ಸರದಿಯಂತೆ ಬರುತ್ತದೆ. ತಲೆನೋವು, ಜ್ವರ, ಬಿಡದ ಒಣಕೆಮ್ಮು ಇದ್ದರೂ ಎಷ್ಟೋ ಮಕ್ಕಳು ಓಡಾಡಿಕೊಂಡೇ ಇರುತ್ತಾರೆ. ಸ್ಟೆತಾಸ್ಕೋಪಿಗೆ ಕೇಳಿದ್ದಕ್ಕಿಂತ ಎಕ್ಸ್-ರೇಯಲ್ಲಿ ಕಂಡದ್ದು ಹೆಚ್ಚಾದರೆ ಅನುಮಾನ ಬಲವಾಗುತ್ತದೆ. ಐಜಿಎಂ ಪರೀಕ್ಷೆ ಮೊದಲ ವಾರದಲ್ಲಿ ಸುಳ್ಳು ನೆಗೆಟಿವ್ ಬರಬಹುದು. ಪಿಸಿಆರ್ ಎಲ್ಲ ಕಡೆ ಸಿಗದು.

1944ರಲ್ಲಿ ಮನ್ರೋ ಈಟನ್ ಗುರುತಿಸಿದ ಮೈಕೋಪ್ಲಾಸ್ಮಾವನ್ನು ಬಹುಕಾಲ ವೈರಸ್ ಎಂದೇ ಭಾವಿಸಲಾಗಿತ್ತು. 1962ರಲ್ಲಿ ಚಾನಕ್ ಮತ್ತು ಸಂಗಡಿಗರು ಜೀವಕೋಶಗಳಿಲ್ಲದ ಮಾಧ್ಯಮದಲ್ಲಿ ಬೆಳೆಸಿದ ಮೇಲೆ ಸಂಶಯ ಹರಿಯಿತು. ಇದಕ್ಕೆ ಕೋಶಭಿತ್ತಿಯೇ ಇಲ್ಲ. ಭಿತ್ತಿಗೆ ಪೆಟ್ಟು ಕೊಡುವ ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ಗಳಿಂದ ಏನೂ ಆಗದು. ಅಜಿತ್ರೊಮೈಸಿನ್ ಮೊದಲ ದಿನ ಕಿಲೋ ತೂಕಕ್ಕೆ 10 ಮಿ.ಗ್ರಾಂ. (500 ಮೀರದಂತೆ), ಮುಂದಿನ ನಾಲ್ಕು ದಿನ 5 ಮಿ.ಗ್ರಾಂ. (250 ಮೀರದಂತೆ) ಕೊಡುವುದು ರೂಢಿ. ಎಂಟು ವರ್ಷ ದಾಟಿದವರಿಗೆ ಡಾಕ್ಸಿಸೈಕ್ಲಿನ್ ಕೂಡ ಆದೀತು. ಸ್ಕ್ರಬ್ ಟೈಫಸ್ಸಿಗೂ ಅದೇ ಮದ್ದಾದ್ದರಿಂದ ಹೊಲದಲ್ಲಿ ದುಡಿಯುವ ರಾಣೆಬೆನ್ನೂರಿನ ಹುಡುಗನಿಗೆ ನನ್ನ ಒಲವು ಅದರ ಕಡೆಗೇ.

ಲೆವೊಫ್ಲಾಕ್ಸಾಸಿನ್ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಮೈಕೋಪ್ಲಾಸ್ಮಾವನ್ನು ಅದು ಕೊಲ್ಲುತ್ತದೆ, ನಿಜ. ಕ್ಷಯದ ಬ್ಯಾಕ್ಟೀರಿಯಾವನ್ನೂ ಅರೆಬರೆ ಅಡಗಿಸುತ್ತದೆ. ಹುಡುಗ ನಾಲ್ಕು ದಿನ ಚೇತರಿಸಿದಂತೆ ಕಂಡು ಕ್ಷಯದ ಪತ್ತೆ ತಡವಾಗುತ್ತದೆ, ಔಷಧಕ್ಕೆ ಬಗ್ಗದ ಕ್ಷಯಕ್ಕೂ ದಾರಿಯಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮವೇ ಆಗಿದೆ. ಕ್ಷಯ ಪತ್ತೆಯ ಸಿಬಿನಾಟ್ ಇಲ್ಲವೇ ಟ್ರೂನಾಟ್ ಫಲಿತಾಂಶ ನೋಡದೆ ಲೆವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆ ಬರೆಯುವುದು ಸಲ್ಲದು.

ಅಜಿತ್ರೊಮೈಸಿನ್ ಶುರುವಾಗಿ 72 ಗಂಟೆಯಾದರೂ ಜ್ವರ ಇಳಿಯದಿದ್ದರೆ ಮ್ಯಾಕ್ರೊಲೈಡ್ (ಅಜಿತ್ರೊಮೈಸಿನ್ ಗುಂಪಿನ) ನಿರೋಧವನ್ನು, ಎದೆಯಲ್ಲಿ ನೀರು ತುಂಬಿರುವುದನ್ನು ಶಂಕಿಸಿ ಎಕ್ಸ್-ರೇ ಮತ್ತೊಮ್ಮೆ ತೆಗೆಸಬೇಕು. ಆಮ್ಲಜನಕದ ಮಟ್ಟ ಶೇ. 92ಕ್ಕಿಂತ ಕೆಳಗಿಳಿದವರನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ, ಅಗತ್ಯಬಿದ್ದರೆ ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ಗೆ ಕಳುಹಿಸಬೇಕು.