ನಕ್ಷತ್ರ ಚಿಹ್ನೆಯ ಬದಲಿ ನೋಟುಗಳು: ಸಾರ್ವಜನಿಕರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ನಾಗರಿಕರು, ವರ್ತಕರು ಹಾಗೂ ನೋಟು ಸಂಗ್ರಾಹಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಬದಲಿ ನೋಟು ಎಂದರೇನು?

ಕೆಲವು ನೋಟುಗಳ ಕ್ರಮಸಂಖ್ಯೆಯಲ್ಲಿ, ಮೊದಲ ಮೂರು ಅಕ್ಷರಾಂಕಗಳಿಗೂ ನಂತರದ ಆರು ಅಂಕಿಗಳಿಗೂ ನಡುವೆ ನಕ್ಷತ್ರ ಚಿಹ್ನೆ (*) ಇರುತ್ತದೆ. ಮುದ್ರಣದಲ್ಲಿ ದೋಷಯುಕ್ತವಾದ ನೋಟಿನ ಸ್ಥಾನದಲ್ಲಿ ಸೇರಿಸಲಾದ ನೋಟು ಇದು ಎಂಬುದನ್ನು ಈ ಚಿಹ್ನೆ ಸೂಚಿಸುತ್ತದೆ. ಹರಿದ ಅಥವಾ ಮಾಸಿದ ನೋಟನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳುವ ಸೇವೆಗೂ ಇದಕ್ಕೂ ಸಂಬಂಧವಿಲ್ಲ.

ಮುದ್ರಣದಲ್ಲಿ ಇದರ ಬಳಕೆ

ಭಾರತದ ನೋಟುಗಳು ನಾಲ್ಕು ಮುದ್ರಣಾಲಯಗಳಲ್ಲಿ ತಯಾರಾಗುತ್ತವೆ. ನಾಸಿಕ್ ಮತ್ತು ದೇವಾಸ್ ಮುದ್ರಣಾಲಯಗಳು ಕೇಂದ್ರ ಸರ್ಕಾರದ ನಿಗಮಕ್ಕೆ ಸೇರಿವೆ. ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿ ಮುದ್ರಣಾಲಯಗಳು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಗೆ ಸೇರಿವೆ. 1995ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಎರಡೂ ಮುದ್ರಣಾಲಯಗಳು 1996ರಲ್ಲಿ ಕಾರ್ಯಾರಂಭ ಮಾಡಿದವು.

ನೋಟುಗಳನ್ನು ಮೊದಲು ದೊಡ್ಡ ಹಾಳೆಗಳಲ್ಲಿ ಮುದ್ರಿಸಿ, ಕ್ರಮಸಂಖ್ಯೆ ಹಾಕಿ, ಕತ್ತರಿಸಿ, ನೂರು ನೋಟುಗಳ ಕಟ್ಟುಗಳನ್ನಾಗಿ ಮಾಡಲಾಗುತ್ತದೆ. ಪರಿಶೀಲನೆಯಲ್ಲಿ ದೋಷ ಕಂಡುಬಂದ ನೋಟನ್ನು ತೆಗೆದುಹಾಕಿದಾಗ ಕಟ್ಟಿನಲ್ಲಿ ಒಂದು ನೋಟು ಕಡಿಮೆಯಾಗುತ್ತದೆ. 2006ರ ಆಗಸ್ಟ್‌ವರೆಗೆ ನೋಟುಗಳನ್ನು ಅನುಕ್ರಮ ಸಂಖ್ಯೆಯಲ್ಲಿಯೇ ನೀಡಲಾಗುತ್ತಿತ್ತು. ಕಳೆದುಹೋದ ಒಂದೇ ಒಂದು ಸಂಖ್ಯೆಯನ್ನು ಮತ್ತೆ ಮುದ್ರಿಸುವುದು ಶ್ರಮ ಮತ್ತು ವೆಚ್ಚದ ಕೆಲಸ. ಆದ್ದರಿಂದ ಪ್ರತ್ಯೇಕ ಸಂಖ್ಯಾಸರಣಿಯ ನಕ್ಷತ್ರ ನೋಟುಗಳನ್ನು ಮುಂಚಿತವಾಗಿಯೇ ಮುದ್ರಿಸಿಟ್ಟು, ಖಾಲಿಯಾದ ಸ್ಥಾನದಲ್ಲಿ ಸೇರಿಸುವ ಪದ್ಧತಿಯನ್ನು ಜಾರಿಗೆ ತರಲಾಯಿತು.

ಇದರಿಂದಾಗಿ ಅಂತಹ ಕಟ್ಟಿನಲ್ಲಿ ನೂರು ನೋಟುಗಳಿದ್ದರೂ ಎಲ್ಲವೂ ಅನುಕ್ರಮವಾಗಿರುವುದಿಲ್ಲ. ಕಟ್ಟಿನ ಮೇಲಿನ ಪಟ್ಟಿಯಲ್ಲಿ ನಕ್ಷತ್ರ ನೋಟುಗಳಿರುವುದನ್ನು ನಮೂದಿಸಲಾಗಿರುತ್ತದೆ. ಅಮೆರಿಕದಂತಹ ಇತರ ದೇಶಗಳಲ್ಲಿಯೂ ಬದಲಿ ನೋಟುಗಳಿಗೆ ನಕ್ಷತ್ರ ಚಿಹ್ನೆ ಬಳಸುವ ಪದ್ಧತಿ ಇದೆ.

ಯಾವ ಮುಖಬೆಲೆಗಳಲ್ಲಿ ಲಭ್ಯ?

2006ರಲ್ಲಿ ಮೊದಲಿಗೆ 10, 20 ಮತ್ತು 50 ರೂಪಾಯಿ ನೋಟುಗಳಲ್ಲಿ ಈ ಪದ್ಧತಿ ಬಂದಿತು. ನಂತರ 100 ರೂಪಾಯಿ ನೋಟಿಗೂ ವಿಸ್ತರಣೆಯಾಯಿತು. 500 ರೂಪಾಯಿಯ ನಕ್ಷತ್ರ ನೋಟು ಮೊದಲ ಬಾರಿಗೆ 2016ರ ಡಿಸೆಂಬರ್‌ನಲ್ಲಿ, ಮಹಾತ್ಮ ಗಾಂಧಿ ಹೊಸ ಸರಣಿಯಲ್ಲಿ ಬಿಡುಗಡೆಯಾಯಿತು. ಆದ್ದರಿಂದ 2016ರ ನವೆಂಬರ್‌ನಲ್ಲಿ ರದ್ದಾದ ಹಳೆಯ 500 ರೂಪಾಯಿ ನೋಟಿನಲ್ಲಿ ನಕ್ಷತ್ರವಿದೆ ಎಂದು ಯಾರಾದರೂ ಮಾರಲು ಬಂದರೆ ಅದನ್ನು ನಂಬಬಾರದು.

2006ರ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಸಂಸತ್ ಭವನದ ಚಿತ್ರವಿದೆ. 2017ರ ಆಗಸ್ಟ್‌ನಲ್ಲಿ ಬಂದ ಹೊಸ ಸರಣಿಯ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿದೆ. ಆದಕಾರಣ ಈ ಭಾಗದ ಸಂಗ್ರಾಹಕರಿಗೆ ಈ ನೋಟಿನ ಬಗ್ಗೆ ವಿಶೇಷ ಆಸಕ್ತಿ ಇರುವುದು ಸಹಜ.

ನಕ್ಷತ್ರ ನೋಟನ್ನು ನಿರಾಕರಿಸಬಹುದೇ?

ನಿರಾಕರಿಸುವಂತಿಲ್ಲ. ನಕ್ಷತ್ರ ಚಿಹ್ನೆಯ ನೋಟು ನಕಲಿ ಎಂಬ ವದಂತಿಗಳು ಹರಡಿದಾಗ, ಇವು ಇತರ ನೋಟುಗಳಂತೆಯೇ ಕಾನೂನುಬದ್ಧವಾದವು ಎಂದು ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ದಿನಗೂಲಿಯಾಗಿ ಅಥವಾ ಬೆಳೆಯ ಹಣವಾಗಿ ಇಂತಹ ನೋಟು ಕೈಸೇರಿದವರು ಅದನ್ನು ಕಡಿಮೆ ಬೆಲೆಗೆ ಯಾರಿಗೂ ಕೊಡಬೇಕಾಗಿಲ್ಲ.

ನೋಟು ಅಸಲಿಯೇ ಎಂಬುದನ್ನು ನಕ್ಷತ್ರದಿಂದ ತೀರ್ಮಾನಿಸದೆ, ಜಲಚಿಹ್ನೆ ಮತ್ತು ಭದ್ರತಾ ದಾರವನ್ನು ನೋಡಬೇಕು. ಹೊಸ ಸರಣಿಯ 100 ಮತ್ತು 500 ರೂಪಾಯಿ ನೋಟುಗಳನ್ನು ಓರೆಯಾಗಿಸಿದಾಗ ದಾರದ ಬಣ್ಣ ಹಸಿರಿನಿಂದ ನೀಲಿಗೆ ಬದಲಾಗುತ್ತದೆ.

ಸಂಗ್ರಾಹಕರಿಗೆ ಸೂಚನೆಗಳು

1. ನಕ್ಷತ್ರ ನೋಟಿಗೆ ಬ್ಯಾಂಕಿನಲ್ಲಿ ದೊರೆಯುವುದು ಮುಖಬೆಲೆ ಮಾತ್ರ. ಹೆಚ್ಚಿನ ಬೆಲೆ ಎಂಬುದು ಸಂಗ್ರಾಹಕರ ನಡುವಿನ ವ್ಯವಹಾರ. ಪ್ರತಿಯೊಂದು ನಕ್ಷತ್ರ ನೋಟೂ ಅಪರೂಪದ್ದಲ್ಲ.

2. ಮಡಿಕೆ, ಕಲೆ ಮತ್ತು ಬರಹವಿಲ್ಲದ ನೋಟಿಗೆ ಸಂಗ್ರಾಹಕರಲ್ಲಿ ಹೆಚ್ಚು ಬೇಡಿಕೆ ಇರುತ್ತದೆ. ನೋಟಿನ ಮೇಲೆ ಬರೆಯುವುದು, ಪಿನ್ ಹೊಡೆಯುವುದು, ಅಂಟುಪಟ್ಟಿ ಹಚ್ಚುವುದು ಅಥವಾ ಲ್ಯಾಮಿನೇಷನ್ ಮಾಡಿಸುವುದು ಬೇಡ.

3. ಮುಖಬೆಲೆ, ಮುದ್ರಣ ವರ್ಷ, ಗವರ್ನರ್ ಸಹಿ, ಸಂಖ್ಯಾಫಲಕದ ಒಳಗಿನ ಅಕ್ಷರ ಮತ್ತು ಪೂರ್ಣ ಕ್ರಮಸಂಖ್ಯೆಯನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿಕೊಳ್ಳುವುದು ಸೂಕ್ತ.

4. 2016ರಲ್ಲಿ ರದ್ದಾದ 500 ಮತ್ತು 1000 ರೂಪಾಯಿ ನೋಟುಗಳ ಸಂಗ್ರಹಕ್ಕೆ ಕಾನೂನಿನ ಮಿತಿ ಇದೆ. 2017ರ ಕಾಯ್ದೆಯ ಪ್ರಕಾರ ಸಾಮಾನ್ಯರು ಒಟ್ಟು 10 ನೋಟುಗಳನ್ನು, ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ 25 ನೋಟುಗಳನ್ನು ಮೀರಿ ಇಟ್ಟುಕೊಳ್ಳುವುದು ದಂಡನಾರ್ಹ.

ವಂಚನೆಯ ಬಗ್ಗೆ ಎಚ್ಚರಿಕೆ

"ನಿಮ್ಮ ನೋಟಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ" ಎಂದು ದೂರವಾಣಿ ಅಥವಾ ಅಂತರ್ಜಾಲದ ಮೂಲಕ ಕೇಳುವವರಿಗೆ ಹಣ ಕಳುಹಿಸಬಾರದು. ಹಳೆಯ ನೋಟು ಮತ್ತು ನಾಣ್ಯಗಳ ಕೊಡುಕೊಳ್ಳುವ ವ್ಯವಹಾರ ತನ್ನದಲ್ಲ, ಅದಕ್ಕಾಗಿ ಶುಲ್ಕ ಅಥವಾ ಕಮಿಷನ್ ಪಡೆಯಲು ಯಾರಿಗೂ ಅಧಿಕಾರ ನೀಡಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸಮೀಪದ ಪೊಲೀಸ್ ಠಾಣೆಗೂ ತಿಳಿಸಬೇಕು.

ಹರಿದ ನೋಟುಗಳ ಬದಲಾವಣೆ

ಈ ಸೇವೆ ಬ್ಯಾಂಕ್ ಶಾಖೆಗಳಲ್ಲಿ ಲಭ್ಯ. 20 ರೂಪಾಯಿವರೆಗಿನ ನೋಟಿನ ಅತಿ ದೊಡ್ಡ ತುಂಡು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ಣ ಬೆಲೆ ದೊರೆಯುತ್ತದೆ. 50 ರೂಪಾಯಿ ಮತ್ತು ಮೇಲ್ಪಟ್ಟ ನೋಟುಗಳಿಗೆ ಆ ತುಂಡು ಶೇ. 80ಕ್ಕಿಂತ ಹೆಚ್ಚಿದ್ದರೆ ಪೂರ್ಣ ಬೆಲೆ, ಶೇ. 40ರಿಂದ 80ರಷ್ಟಿದ್ದರೆ ಅರ್ಧ ಬೆಲೆ ಸಿಗುತ್ತದೆ. ನಕ್ಷತ್ರ ನೋಟುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಶಾಖೆಯಲ್ಲಿ ನೋಟನ್ನು ನಿರಾಕರಿಸಿದರೆ ಮೊದಲು ಆ ಬ್ಯಾಂಕಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. 30 ದಿನಗಳೊಳಗೆ ಪರಿಹಾರ ಸಿಗದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಈ ಕುರಿತ ಮಾಹಿತಿಗಾಗಿ ಶುಲ್ಕರಹಿತ ದೂರವಾಣಿ ಸಂಖ್ಯೆ 14448ನ್ನು ಸಂಪರ್ಕಿಸಬಹುದು.