ಹಳೆಯ ಪುಟಗಳು ಯೂನಿಕೋಡ್‌ಗೆ: ನಾಲ್ಕು ಊರುಗಳ ನಿದರ್ಶನ

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿರುವ ಕನ್ನಡ ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಕನ್ನಡ ಜಾಲತಾಣ ರೂಪಿಸುವವರ ಮುಖ್ಯ ಕೆಲಸಗಳಲ್ಲೊಂದು. 1991ರ ಮೊದಲ ಆವೃತ್ತಿಯಿಂದಲೂ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಹಳೆಯ ಶೈಲಿಗಳು ಬರವಣಿಗೆಯ ಆಕಾರವನ್ನು ದಾಖಲಿಸುತ್ತವೆ.

ಚಿತ್ರದುರ್ಗ ಜಿಲ್ಲೆಯ ಊರುಗಳ ಹೆಸರುಗಳೇ ಇದಕ್ಕೆ ನಿದರ್ಶನ. ಚಿತ್ರದುರ್ಗ, ಹೊಸದುರ್ಗಗಳಲ್ಲಿ ‘ಗ’ದ ನಂತರವಿರುವ ಅರ್ಕಾವತ್ತನ್ನು ತೆಗೆದು, ‘ಗ’ಕ್ಕೆ ಮೊದಲೇ ‘ರ್’ ಬರುವಂತೆ ಮಾಡಬೇಕು. ‘ಹೊಳಲ್ಕೆರೆ’ಯಲ್ಲಿ ಎತ್ವ ‘ಲ’ದ ಮೇಲೆ ಕಂಡರೂ ಸಲ್ಲುವುದು ‘ಕ’ಕ್ಕೆ. ಒತ್ತಕ್ಷರವಿಲ್ಲದ ‘ಹಿರಿಯೂರು’ ಸುಲಭ.

ಈ ಕ್ರಮ ತಪ್ಪಿದರೆ ಬ್ರೌಸರ್‌ನಲ್ಲಿ ಹೆಸರು ವಿರೂಪಗೊಳ್ಳುತ್ತದೆ. ಹುಡುಕಾಟದಲ್ಲಿ ಸಿಗದ ಹಳೆಯ ಸುದ್ದಿ, ಕಡತದಲ್ಲಿದ್ದರೂ ಓದುಗರ ಪಾಲಿಗೆ ಇಲ್ಲವಾಗುತ್ತದೆ. ಆದ್ದರಿಂದ ಪರಿವರ್ತನೆಯ ಬಳಿಕ ಒತ್ತಕ್ಷರಗಳಿರುವ ಪದಗಳನ್ನು ಹುಡುಕಿ ಪರೀಕ್ಷಿಸುವುದು ಅಗತ್ಯ.